ಒಂದು ಸೂರು, ಹಲವು ಸಂಘಗಳು



ಮೂಲಧನಕ್ಕೆ ಕೈಹಚ್ಚದೆ, ಅದರ ಬಡ್ಡಿಯಿಂದ ವರ್ಷವರ್ಷವೂ ಒಂದು ಸತ್ಕಾರ್ಯ ನಡೆಯುವಂತೆ ಏರ್ಪಡಿಸಿ, ತಾವಿಲ್ಲದ ಕಾಲದಲ್ಲಿಯೂ ತಮ್ಮ ಸಂಕಲ್ಪ ಉಳಿಯಲೆಂದು ಹಾರೈಸುವ ದಾನಿಗಳ ಪರಂಪರೆ ಈ ನೆಲಕ್ಕೆ ಹೊಸದಲ್ಲ. ನಾವು ಸೇರಿರುವ ಈ ಡೊಂಬಿವಲಿಗೆ ಬಹು ದೂರವಲ್ಲದ ಕನ್ಹೇರಿಯ ಬೆಟ್ಟದಲ್ಲಿ ಅಕ್ಷಯನೀವಿಯೆಂಬ ಹೆಸರಿನಿಂದ ಇಂಥ ದತ್ತಿಗಳನ್ನು ಶತಮಾನಗಳ ಹಿಂದೆಯೇ ಕಲ್ಲಿನಲ್ಲಿ ಕೊರೆಯಿಸಿದ್ದಾರೆ. ಕಲ್ಯಾಣದ ಬಂದರಿನಲ್ಲಿ ವ್ಯಾಪಾರಮಾಡಿ ಬಾಳಿದ ವರ್ತಕರು ಅಲ್ಲಿ ಗುಹೆಗಳನ್ನು ಕಡೆಯಿಸಿದರು. ಕಲ್ಯಾಣದ ಅಕ್ಕಸಾಲಿಗನೊಬ್ಬ ನೀರಿನ ತೊಟ್ಟಿಯನ್ನೂ ಕಮ್ಮಾರನೊಬ್ಬ ಕಾಲುದಾರಿಯನ್ನೂ ದಾನಮಾಡಿದರು. ಅವರಲ್ಲಿ ಎಷ್ಟೋ ಮಂದಿ ತಮ್ಮ ದಾನವನ್ನು ಒಬ್ಬ ಗುರುವಿನ ಹೆಸರಿಗೆ ಬರೆಯಿಸದೆ, ನಾಲ್ಕು ದಿಕ್ಕುಗಳಿಂದಲೂ ಬರತಕ್ಕ ಭಿಕ್ಷುಸಂಘಕ್ಕೆ ಸಲ್ಲತಕ್ಕದ್ದೆಂದು ವಿಧಿಸಿದರು. 9ನೆಯ ಶತಮಾನದಲ್ಲಿ, ಕವಿರಾಜಮಾರ್ಗಕ್ಕೆ ಆಸರೆಯಾದ ನೃಪತುಂಗ ಅಮೋಘವರ್ಷನು ಆಳುತ್ತಿದ್ದಾಗ, ಅವನ ಸಾಮಂತರಾದ ಶಿಲಾಹಾರರ ಈ ಕೊಂಕಣದಲ್ಲಿ, ದೂರದ ಗೌಡದೇಶದಿಂದ ಬಂದ ಉಪಾಸಕನೊಬ್ಬ ಅದೇ ಬೆಟ್ಟದ ಭಿಕ್ಷುಗಳಿಗೆ ಧ್ಯಾನದ ಕೋಣೆಗಳನ್ನು ಕಟ್ಟಿಸಿಕೊಟ್ಟು 100 ದ್ರಮ್ಮಗಳ ನಿಧಿಯನ್ನಿರಿಸಿದನು. ಒಡೆತನ ಯಾರದೇ ಇರಲಿ, ಉಪಯೋಗ ಹಲವರದಾಗಬೇಕೆಂಬ ಭಾವನೆ ನಮ್ಮ ಈ ಪ್ರಾಂತದ ನೀರಿನ ತೊಟ್ಟಿಯಷ್ಟೇ ಹಳೆಯದು. ಆ ಭಾವನೆಗೆ ನಮ್ಮ ಕಾಲದಲ್ಲಿ ಒದಗಬೇಕಾದ ರೂಪವೇನು, ಬೇರೆಬೇರೆ ಸಂಸ್ಥೆಗಳು ಒಂದು ಕಟ್ಟಡವನ್ನೂ ಅದರ ಅನುಕೂಲತೆಗಳನ್ನೂ ಮನಸ್ತಾಪವಿಲ್ಲದೆ ಹಂಚಿಕೊಂಡು ಬಾಳುವುದು ಹೇಗೆ, ಎಂಬುದೇ ಇಂದಿನ ನನ್ನ ವಿಷಯ.

ಮುಂಬಯಿಯ ಕನ್ನಡಿಗರ ಸಾರ್ವಜನಿಕ ಜೀವನ ಸ್ವಂತ ಕಟ್ಟಡದಲ್ಲಿ ಹುಟ್ಟಿದುದಲ್ಲ. 1902ರಷ್ಟು ಹಿಂದೆ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ತಲೆಯೆತ್ತಿದುವು. ಅವುಗಳ ಸುತ್ತ ಬೆಳೆದ ನೂರಾರು ಚಿಕ್ಕ ಮಂಡಳಿಗಳಿಗೆ ಹೋಟೆಲಿನ ಮಧ್ಯಾಹ್ನದ ಬಿಡುವೇ ಸಭೆಯ ಕಾಲ, ಮಾಳಿಗೆಯ ಕೋಣೆಯೇ ಕಚೇರಿ, ದೇವಸ್ಥಾನದ ಜಗಲಿಯೇ ರಂಗಸ್ಥಳ. ಇವೆಲ್ಲಕ್ಕಿಂತ ದೊಡ್ಡ ಉದಾಹರಣೆ ಕನ್ನಡ ರಾತ್ರಿಶಾಲೆಗಳದು. ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರಸಿ, ತಟ್ಟೆ ಎತ್ತಿದ ಹುಡುಗರು ಸಂಜೆ ಕೈಕಾಲು ಮುಖ ತೊಳೆದುಕೊಂಡು ಪಾಟಿಚೀಲವನ್ನು ಹಿಡಿದು ಹೊರಟಾಗ ಅವರಿಗೆ ಬಾಗಿಲು ತೆರೆದುದು ನಗರಸಭೆಯ ಹಗಲುಶಾಲೆಯ ಕಟ್ಟಡ. ಎಂಟು ವರ್ಷದ ಮಕ್ಕಳಿಗೆಂದು ಮಾಡಿಸಿದ ಬೆಂಚಿನಲ್ಲಿ ಹದಿನೆಂಟು ವರ್ಷದ ಯುವಕ ಮೊಣಕಾಲನ್ನು ಓರೆಮಾಡಿಕೊಂಡು ಕೂಡುತ್ತಿದ್ದ. ಕರಿಹಲಗೆಯ ಒಂದು ಮೂಲೆಯಲ್ಲಿ ಹಗಲಿನ ಶಿಕ್ಷಕರು ಚೌಕ ಹಾಕಿ, ಅಳಿಸಬಾರದೆಂಬ ಅರ್ಥದಲ್ಲಿ ‘ಪುಸೂ ನಯೇ’ ಎಂದು ಮರಾಠಿಯಲ್ಲಿ ಬರೆದು ಹೋಗುತ್ತಿದ್ದರು; ರಾತ್ರಿಯ ಮಾಸ್ತರರು ಆ ಚೌಕವನ್ನು ಮುಟ್ಟದೆ ಉಳಿದ ಹಲಗೆಯ ಮೇಲೆ ಕನ್ನಡದ ಪಾಠವನ್ನು ಬರೆದು, ಹೊರಡುವ ಮುನ್ನ ತಮ್ಮ ಅಕ್ಷರಗಳನ್ನು ತಾವೇ ಒರಸುತ್ತಿದ್ದರು. ಒಬ್ಬರ ಮುಖವನ್ನೊಬ್ಬರು ನೋಡಿರದ ಆ ಎರಡು ಶಾಲೆಗಳ ನಡುವೆ ಒಂದು ಚೌಕದ ಗೆರೆ ನಂಬಿಕೆಯನ್ನು ಕಾಪಾಡಿತು. ಇಂಥ ಶಾಲೆಗಳಲ್ಲಿ ಓದಿ ಬ್ಯಾಂಕುಗಳಿಗೆ, ಕಚೇರಿಗಳಿಗೆ, ನ್ಯಾಯಾಲಯಗಳಿಗೆ ಹೋದವರು ಅನೇಕರು. ಇಂದಿನ ನಮ್ಮ ಸಂಘಗಳಿಗೆ ನೆಲವನ್ನು ಕೊಂಡವರೂ ಗೋಡೆಗಳನ್ನು ಎಬ್ಬಿಸಿದವರೂ ಬಹುಮಟ್ಟಿಗೆ ಅವರೇ. ಮುಂಬಯಿ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಕನ್ನಡ, ಇಂಗ್ಲಿಷುಗಳೆಂಬ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸಿ, ಒಂದೇ ಕಟ್ಟಡದಲ್ಲಿ ಹಲವು ಮಾಧ್ಯಮಗಳಿಗೆ ಪಾಳಿಯ ಮೇಲೆ ಎಡೆಗೊಟ್ಟಿತೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ನಗರದಲ್ಲಿ ಬಾಡಿಗೆ ಏರಿದಂತೆ ನಮ್ಮವರು ರೈಲುದಾರಿಯನ್ನು ಹಿಡಿದು ಉತ್ತರಕ್ಕೂ ಪೂರ್ವಕ್ಕೂ ಸರಿದರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಬಂದ ಉಗಿಬಂಡಿ ಮರುವರ್ಷವೇ ಕಲ್ಯಾಣವನ್ನು ಮುಟ್ಟಿತು. ಆ ದಾರಿಯ ಬದಿಯಲ್ಲಿ ಒಂದು ಶತಮಾನದ ಅನಂತರ ಗುಮಾಸ್ತರ, ಹೋಟೆಲಿಗರ, ಕಾರ್ಖಾನೆಯ ಕೆಲಸಗಾರರ ಬಿಡಾರಗಳು ದಟ್ಟವಾದುವು. ಥಾಣೆಯ ಖಾಡಿಯ, ಎಂದರೆ ಕಡಲ ಕೊಲ್ಲಿಯ, ಆಚೆಗೆ 1970ರಲ್ಲಿ ಸ್ಥಾಪಿತವಾದ ಸರಕಾರಿ ನಗರನಿರ್ಮಾಣ ಸಂಸ್ಥೆ ಸಿಡ್ಕೊ ನವಿಮುಂಬಯಿಯೆಂಬ ಹೊಸ ನಗರವನ್ನು ಯೋಜಿಸಿ, ಶಾಲೆಗೆ, ಆರಾಧನಾ ಮಂದಿರಕ್ಕೆ, ಸಮಾಜಭವನಕ್ಕೆ ನಿವೇಶನಗಳನ್ನು ಬಿಟ್ಟು, ಅವನ್ನು 60 ವರ್ಷಗಳ ಗೇಣಿಯ ಮೇಲೆ ಕೊಡುತ್ತ ಬಂದಿತು. ಖಾಡಿಯ ಈಚೆಗೆ ಡೊಂಬಿವಲಿ ಕರ್ನಾಟಕ ಸಂಘಕ್ಕೆ ಮಂಜುನಾಥನ ಹೆಸರಿನ ವಿದ್ಯಾಲಯವೂ ಕಾಲೇಜೂ ಉಂಟಾದುವು. ಥಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘ ಶಾಲೆಯನ್ನು ಕಟ್ಟಿತು. ವಾಶಿಯಲ್ಲಿ ನವಿಮುಂಬಯಿ ಕನ್ನಡ ಸಂಘ, ಜುಯಿನಗರದಲ್ಲಿ ಬಾಂಬೆ ಬಂಟ್ಸ್ ಅಸೋಸಿಯೇಷನ್, ನೆರೂಲಿನಲ್ಲಿ ಬಿ.ಎಸ್.ಕೆ.ಬಿ. ಅಸೋಸಿಯೇಷನ್ನಿನ ‘ಆಶ್ರಯ’, ಘನ್ಸೋಲಿಯಲ್ಲಿ ಮೂಕಾಂಬಿಕೆಯ ಮಂದಿರ, ಹೀಗೆ ಒಂದೊಂದೂ ತನ್ನ ಕಾಲಮೇಲೆ ನಿಂತಿತು. ಚೀಟಿ ಹರಿದು, ಮನೆಮನೆಗೆ ತಿರುಗಿ, ನಾಟಕವಾಡಿ, ಟಿಕೆಟು ಮಾರಿ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟ ಆ ಹಿರಿಯರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಎರವಲು ಕೋಣೆಯಲ್ಲಿ ಬೆಳೆದವನಿಗೆ ತನ್ನದೆಂಬ ಒಂದು ಬಾಗಿಲು ಬೇಕೆನ್ನಿಸುವುದು ಅತ್ಯಂತ ಸಹಜವಾದ ಆಸೆ.

ಆದರೆ ಆ ಆಸೆ ಸಫಲವಾದ ಮೇಲೆ ನಮ್ಮ ಮುಂದೆ ಬಂದು ನಿಂತಿರುವ ಸ್ಥಿತಿಯನ್ನು ನೋಡೋಣ. ಸೋಮವಾರದಿಂದ ಶುಕ್ರವಾರದ ತನಕ ಅನೇಕ ಸಭಾಂಗಣಗಳಲ್ಲಿ ಕುರ್ಚಿಗಳು ಒಂದರ ಮೇಲೊಂದು ಪೇರಿಸಿಕೊಂಡೇ ಇರುತ್ತವೆ. ನವೆಂಬರು ಬಂತೆಂದರೆ ರಾಜ್ಯೋತ್ಸವ, ಡಿಸೆಂಬರು ಜನವರಿಗಳಲ್ಲಿ ವಾರ್ಷಿಕೋತ್ಸವ, ಶನಿಪೂಜೆ, ಯಕ್ಷಗಾನ, ಸ್ನೇಹಸಮ್ಮೇಳನ. ಎಲ್ಲಕ್ಕೂ ಬೇಕಾದುವು ಅವೇ ನಾಲ್ಕಾರು ಭಾನುವಾರಗಳು. ಒಂದೇ ಸಂಜೆ ಥಾಣೆಯಲ್ಲೊಂದು, ವಾಶಿಯಲ್ಲೊಂದು, ಇಲ್ಲೊಂದು ಸಮಾರಂಭ ನಡೆದು, ಒಂದೇ ಪ್ರೇಕ್ಷಕವರ್ಗ ಮೂರು ಪಾಲಾಗಿ, ಮೂರೆಡೆಯೂ ಹಿಂದಿನ ಸಾಲುಗಳು ಬರಿದಾಗಿರುತ್ತವೆ. ಇನ್ನೊಂದು ಕಡೆ, ಮಕ್ಕಳಿಗೆ ಹೆಜ್ಜೆ ಕಲಿಸುವ ಯಕ್ಷಗಾನದ ತಂಡ ಚೆಂಡೆಯ ಸದ್ದಿಗೆ ವಸತಿಸಂಘದವರು ಒಪ್ಪರೆಂದು ವಾರವಾರವೂ ಜಾಗವನ್ನರಸುತ್ತದೆ. ಭಜನಮಂಡಳಿಯ ಹಾರ್ಮೋನಿಯಂ ಒಬ್ಬರ ಮನೆಯ ಮಂಚದ ಕೆಳಗೆ, ತಾಳಗಳು ಇನ್ನೊಬ್ಬರ ಮನೆಯ ಕಪಾಟಿನಲ್ಲಿ. ವೇಷಭೂಷಣದ ಪೆಟ್ಟಿಗೆಗಳು ಮಳೆಗಾಲದಲ್ಲಿ ತೇವಹಿಡಿದು ಕಿರೀಟದ ಬೇಗಡೆ ಕಳಚಿ ಬೀಳುತ್ತದೆ. ಕಟ್ಟಡವುಳ್ಳವರಿಗೆ ಬಣ್ಣ ಬಳಿಸಲು ಹಣವಿಲ್ಲ, ಕಾರ್ಯಕ್ರಮವುಳ್ಳವರಿಗೆ ಕಾಲಿಡಲು ನೆಲವಿಲ್ಲ. ಈ ಎರಡು ಕೊರತೆಗಳು ಒಂದನ್ನೊಂದು ತುಂಬಿಕೊಡಬಲ್ಲವಾಗಿದ್ದೂ ಬಹುಕಾಲ ಬೇರೆಬೇರೆಯಾಗಿಯೇ ಉಳಿದಿರುವುದಕ್ಕೆ ಕಾರಣವೇನು?

ಕಾರಣ ನಮ್ಮ ಕೃಪಣತೆಯಲ್ಲ. ನಮ್ಮ ದಾಕ್ಷಿಣ್ಯ ಎಂದು ನಾನು ತಿಳಿದಿದ್ದೇನೆ. ನಾವು ಕೊಡುವಾಗ ದಾಕ್ಷಿಣ್ಯದಿಂದ ಕೊಡುತ್ತೇವೆ, ಕೇಳುವಾಗ ಸಂಕೋಚದಿಂದ ಕೇಳುತ್ತೇವೆ. ‘ನಮ್ಮವರೇ ಅಲ್ಲವೇ, ಕಾಗದವೇಕೆ?’ ಎಂದು ಅಧ್ಯಕ್ಷರು ಬೀಗದ ಕೈಯನ್ನು ಕೈಗಿತ್ತುಬಿಡುತ್ತಾರೆ. ಮೊದಲ ವರ್ಷ ಎಲ್ಲವೂ ಚೆನ್ನ. ಎರಡನೆಯ ವರ್ಷ ವಿದ್ಯುತ್ತಿನ ಬಿಲ್ಲು ಏರುತ್ತದೆ, ಪಂಖವೊಂದು ಸುಡುತ್ತದೆ, ಪಾತ್ರೆಗಳ ಲೆಕ್ಕದಲ್ಲಿ ಎರಡು ಕೊಳಗ ಕಡಿಮೆ ಬರುತ್ತದೆ, ಯಾರೂ ಬಾಯಿಬಿಡುವುದಿಲ್ಲ. ಮೂರನೆಯ ವರ್ಷ ಹೊಸ ಕಾರ್ಯಕಾರಿ ಸಮಿತಿ ಬಂದು, ಇವರು ಯಾರು, ಯಾವ ಆಧಾರದ ಮೇಲೆ ಇಲ್ಲಿದ್ದಾರೆ, ಎಂದು ಕೇಳಿದಾಗ, ಉತ್ತರ ಹೇಳಬಲ್ಲ ಹಿರಿಯರು ಊರಿಗೆ ಹೋಗಿರುತ್ತಾರೆ ಅಥವಾ ಕಾಲವಶರಾಗಿರುತ್ತಾರೆ. ವರ್ಷಗಟ್ಟಲೆ ನುಂಗಿಕೊಂಡ ಮಾತುಗಳೆಲ್ಲ ಅಂದು ಒಮ್ಮೆಗೇ ಹೊರಬೀಳುತ್ತವೆ. ದಾಕ್ಷಿಣ್ಯ ಬಾಗಿಲನ್ನು ತೆರೆಯಬಲ್ಲದು. ತೆರೆದ ಬಾಗಿಲನ್ನು ಹಾಗೆಯೇ ನಿಲ್ಲಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆ ಶಕ್ತಿ ಉಳ್ಳದ್ದು ಕರಾರು; ಪರಸ್ಪರ ಗೌರವದಿಂದ, ಮನಸ್ಸು ಶಾಂತವಾಗಿದ್ದಾಗ, ಇಬ್ಬರೂ ಕುಳಿತು ಬರೆದುಕೊಂಡ ಕರಾರು.

ಬರೆದುಕೊಳ್ಳುವುದು ಅಪನಂಬಿಕೆಯ ಗುರುತೆಂದು ಭಾವಿಸುವವರು ನಮ್ಮ ಇತಿಹಾಸವನ್ನೇ ನೋಡಬೇಕು. 1162ರ ಶಾಸನವೊಂದು ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುತ್ತದೆ. ವೇದಗಳೂ ವ್ಯಾಕರಣಗಳೂ ದರ್ಶನಗಳೂ ಪುರಾಣ ಕಾವ್ಯ ನಾಟಕಗಳೂ ವ್ಯಾಖ್ಯಾನಗೊಳ್ಳುವ ಆ ಶೈವಸ್ಥಾನವೇ ದೀನರಿಗೂ ಕುರುಡರಿಗೂ ಕಿವುಡರಿಗೂ, ಗಾಯಕರಿಗೂ ವಾದಕರಿಗೂ ನರ್ತಕರಿಗೂ, ಜೈನ ಕ್ಷಪಣಕರಿಗೂ ಏಕದಂಡಿ ತ್ರಿದಂಡಿಗಳಿಗೂ ಅನ್ನವನ್ನಿಕ್ಕುವ, ರೋಗಿಗಳಿಗೆ ಔಷಧವನ್ನು ಕೊಡುವ ಎಡೆಯೆಂದು ಅದು ಒಂದೊಂದನ್ನೂ ಎಣಿಸಿ ಹೇಳುತ್ತದೆ. ಯಾರುಯಾರಿಗೆ ಅಲ್ಲಿ ಎಡೆಯುಂಟೆಂಬುದನ್ನು ಅವರು ಊಹೆಗೆ ಬಿಡಲಿಲ್ಲ.

ಇದಕ್ಕಿಂತ ನಮ್ಮ ಪ್ರಸ್ತುತಕ್ಕೆ ಹತ್ತಿರವಾದುದು 1368ರ ಶ್ರವಣಬೆಳಗೊಳದ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟಾಗ, ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿದನು. ಕೈಹಿಡಿಸಿ ಅವನು ಅಲ್ಲಿಗೇ ನಿಲ್ಲಲಿಲ್ಲ. ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆ ಜೈನದರ್ಶನಕ್ಕೆ ಸಲ್ಲುವುವೆಂದು ಗೊತ್ತಾಯಿತು. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣವನ್ನು ಕೊಡುವುದೆಂದೂ, ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ನೇಮಿಸುವುದೆಂದೂ, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದೆಂದೂ ವಿಧಿಯಾಯಿತು. ಜೈನರ ಹಣ, ವೈಷ್ಣವರ ಉಸ್ತುವಾರಿ, ಬಸದಿಯ ಗೋಡೆಗೆ ಸುಣ್ಣ! ಪರಸ್ಪರ ಶಂಕಿಸಿದ ಎರಡು ಸಮುದಾಯಗಳನ್ನು ಒಂದು ಲೆಕ್ಕದಲ್ಲಿ ಜೋಡಿಸಿದ ಆ ವಿವೇಕ, ಸಮರಸದ ಮೇಲೆ ನಾವು ಮಾಡುವ ನೂರು ಭಾಷಣಗಳಿಗಿಂತ ಮಿಗಿಲಾದುದು.

ಧರ್ಮಶಾಸ್ತ್ರವೂ ಇದನ್ನೇ ಹೇಳುತ್ತದೆ. ಸಮೂಹಗಳು ತಮ್ಮೊಳಗೆ ಮಾಡಿಕೊಂಡ ಸಂವಿದೆಯನ್ನು, ಎಂದರೆ ಒಪ್ಪಂದವನ್ನು, ಮೀರಿದವನ ಸರ್ವಸ್ವವನ್ನು ಕಿತ್ತುಕೊಂಡು ಅವನನ್ನು ನಾಡಿನಿಂದ ಹೊರಗಟ್ಟಬೇಕೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಲ್ಲಿಯ ಕಲ್ಯಾಣದಲ್ಲಲ್ಲ, ಕನ್ನಡದ ನೆಲದ ಬಸವಕಲ್ಯಾಣದಲ್ಲಿ, ಬಾಳಿದವನು. ಅದೇ ಸ್ಮೃತಿಗೆ ಮತ್ತೊಂದು ಮಹಾವ್ಯಾಖ್ಯಾನವನ್ನು ಬರೆದ ಅಪರಾರ್ಕನು ಈ ಥಾಣೆಯನ್ನು ರಾಜಧಾನಿಯಾಗಿ ಉಳ್ಳ ಶಿಲಾಹಾರ ವಂಶದ ಅರಸು. ನಮ್ಮ ಎರಡು ನೆಲೆಗಳ ಪಂಡಿತರೂ ಸಂಸ್ಥೆಯ ಮಾತಿಗೆ ಇಷ್ಟು ಭಾರವನ್ನು ಕೊಟ್ಟು ವಿಚಾರಿಸಿದ್ದರೆಂಬುದು ನಮಗೆ ಹೆಮ್ಮೆಯನ್ನೂ ಹೊಣೆಯನ್ನೂ ತರುತ್ತದೆ.

ಆಧುನಿಕ ಕಾಲದ ನಿದರ್ಶನವೊಂದು ನಮ್ಮ ಕಣ್ಣಮುಂದೆಯೇ ಇದೆ. 1992ರಲ್ಲಿ ಮಾನಖುರ್ದದಿಂದ ಖಾಡಿಯನ್ನು ದಾಟಿ ವಾಶಿಗೆ ಬಂದ ರೈಲು ಒಂದೇ ಸಂಸ್ಥೆಯ ಸೃಷ್ಟಿಯಲ್ಲ. ನವಿಮುಂಬಯಿಯ ರೈಲುಮಾರ್ಗಗಳಿಗೆ ವೆಚ್ಚದಲ್ಲಿ ಸಿಡ್ಕೊ 67 ಪಾಲು, ರೈಲ್ವೆ 33 ಪಾಲು ಎಂದು ಮೊದಲೇ ಗೊತ್ತುಮಾಡಿಕೊಂಡು ಕೈಗೂಡಿದ ಕಾರ್ಯ. ವಾಶಿಯ ನಿಲ್ದಾಣದಲ್ಲಿ ಕೆಳಗೆ ಪ್ರಯಾಣಿಕರು ಓಡಾಡುತ್ತಿರುವಾಗಲೇ ಮೇಲೆ ಕಚೇರಿಗಳು ನಡೆಯುತ್ತವೆ. ಪಾಲು ಮೊದಲೇ ಗೊತ್ತಾಗಿದ್ದುದರಿಂದ ಎರಡು ಬೃಹತ್ಸಂಸ್ಥೆಗಳು ಒಂದು ನಿಲ್ದಾಣದಲ್ಲಿ ಹಿಡಿಸಿದುವು. ಎರಡು ಕನ್ನಡ ಸಂಘಗಳು ಒಂದು ಸಭಾಂಗಣದಲ್ಲಿ ಹಿಡಿಸಲಾರವೆ?

ಕಾನೂನಿನ ಕಡೆಗೂ ಒಂದು ಮಾತು ಅಗತ್ಯ. ನಮ್ಮ ಸಂಘಗಳಲ್ಲಿ ಬಹುಪಾಲು 1860ರ ಸೊಸೈಟಿ ಕಾಯಿದೆಯ ಮೇಲೂ 1950ರ ಸಾರ್ವಜನಿಕ ನ್ಯಾಸಗಳ ಕಾಯಿದೆಯ ಮೇಲೂ ನೋಂದಣಿಯಾದಂಥವು. ಸಾರ್ವಜನಿಕ ನ್ಯಾಸದ ಕಟ್ಟಡವನ್ನು ಮೂರು ವರ್ಷಗಳಿಗೆ ಮೀರಿ ಗೇಣಿಗೆ ಕೊಡುವುದಕ್ಕೆ ಚಾರಿಟಿ ಕಮಿಷನರರ ಪೂರ್ವಾನುಮತಿ ಬೇಕೆಂದು ನ್ಯಾಸಗಳ ಕಾಯಿದೆಯ 36ನೆಯ ಕಲಮು ಹೇಳುತ್ತದೆ. ಸಿಡ್ಕೊದ ನಿವೇಶನವಾದರೆ ಗೇಣಿಪತ್ರದ ಷರತ್ತುಗಳು ಬೇರೆ ಉಂಟು, ನಿವೇಶನವನ್ನು ಯಾವ ಉದ್ದೇಶಕ್ಕೆ ಪಡೆದೆವೋ ಅದನ್ನು ಬಿಟ್ಟು ನಡೆಯುವಂತಿಲ್ಲ. ಇದು ತೊಡಕೆಂದು ಹೆದರಬೇಕಾಗಿಲ್ಲ. ಸ್ವಾಧೀನವನ್ನು ಬಿಟ್ಟುಕೊಡದೆ, ವಾರದ ಇಂಥ ದಿನ ಇಂಥ ಗಂಟೆಗೆ ಇಂಥ ಕೋಣೆಯನ್ನು ಉಪಯೋಗಿಸಿಕೊಳ್ಳಲು ಒಪ್ಪಿಗೆ ನೀಡುವುದು ಗೇಣಿಯಾಗದು. ಸಮಿತಿಯ ಠರಾವು, ಸ್ಪಷ್ಟವಾದ ಒಪ್ಪಿಗೆಪತ್ರ, ವಕೀಲರ ಒಂದು ನೋಟ, ಇಷ್ಟಿದ್ದರೆ ಆತಿಥೇಯರಿಗೂ ಭಯವಿಲ್ಲ, ಅತಿಥಿಗಳಿಗೂ ಅಳುಕಿಲ್ಲ.

ಆ ಪತ್ರದಲ್ಲಿ ಏನೇನಿರಬೇಕು? ದೊಡ್ಡ ತತ್ತ್ವಗಳಿಗೆ ಅಲ್ಲಿ ಎಡೆ ಬೇಡ. ಜಗಳಗಳು ಹುಟ್ಟುವುದು ಚಿಕ್ಕ ವಸ್ತುಗಳಿಂದ, ಆದಕಾರಣ ಪತ್ರವೂ ಚಿಕ್ಕ ವಸ್ತುಗಳನ್ನೇ ಕುರಿತು ಮಾತಾಡತಕ್ಕದ್ದು. ಬೀಗದ ಕೈ ಎಷ್ಟು, ಯಾರಲ್ಲಿ? ಮೀಟರಿನ ಅಂಕಿಯನ್ನು ಒಳಬರುವಾಗಲೂ ಹೊರಹೋಗುವಾಗಲೂ ಬರೆಯುವವರು ಯಾರು? ಅಡುಗೆಮನೆಯಲ್ಲಿ ಏನನ್ನು ಬೇಯಿಸಬಹುದು, ಏನನ್ನು ಕೂಡದು? ಧ್ವನಿವರ್ಧಕ ಎಷ್ಟು ಹೊತ್ತಿನವರೆಗೆ? ಕುರ್ಚಿಗಳನ್ನು ಮತ್ತೆ ಪೇರಿಸಿಡುವವರು ಯಾರು? ಅತಿಥಿಸಂಘದ ಪೆಟ್ಟಿಗೆ, ಮದ್ದಳೆ, ಪುಸ್ತಕಗಳಿಗೆ ಬೀಗವುಳ್ಳ ಒಂದು ಕಪಾಟು ಉಂಟೆ? ಕೊಟ್ಟ ದಿನವನ್ನು ಹಿಂತೆಗೆದುಕೊಳ್ಳಬೇಕಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು? ದುರಸ್ತಿನಿಧಿಗೆ ಯಾರ ಪಾಲು ಎಷ್ಟು? ಇವಕ್ಕೆಲ್ಲ ಉತ್ತರ ದೊರೆತ ಮೇಲೆ ಇನ್ನೊಂದು ಅಂಶ ಉಳಿಯುತ್ತದೆ. ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ದೊಡ್ಡದು. ಬಾಗಿಲ ಬಳಿಯ ಫಲಕದಲ್ಲಿ ಅತಿಥಿಸಂಘದ ಹೆಸರೂ ಇರಬೇಕು. ಹೆಸರಿಲ್ಲದೆ ಹಿಂಬಾಗಿಲಿನಿಂದ ಒಳಬಂದವರು ಹತ್ತು ವರ್ಷ ಇದ್ದರೂ ಹೊರಗಿನವರೇ. ಹೆಸರನ್ನು ಕಂಡವರು ಮೊದಲ ದಿನವೇ ನೆಲವನ್ನು ತಾವೇ ಗುಡಿಸುತ್ತಾರೆ.

ಈ ಪತ್ರಗಳ ಜೊತೆಗೆ ಥಾಣೆಯಿಂದ ಪನವೇಲಿನ ತನಕ ಎಲ್ಲ ಕನ್ನಡ ಸಂಘಗಳಿಗೂ ಒಂದು ಸಾಮಾನ್ಯ ಪಂಚಾಂಗ ಬೇಕು. ಕಲ್ಯಾಣದ ಜಂಕ್ಷನ್ನಿನಲ್ಲಿ ಕಸಾರೆಯ ಬಂಡಿಗೂ ಕರ್ಜತಿನ ಬಂಡಿಗೂ ದೂರದೂರಿನ ಮೇಲ್ ಬಂಡಿಗಳಿಗೂ ಹಳಿ ಸಾಲುವುದು ವೇಳಾಪಟ್ಟಿಯ ಬಲದಿಂದ. ಸಂಘಗಳೂ ತಮ್ಮ ಭಾನುವಾರಗಳನ್ನು ಯುಗಾದಿಯ ಹೊತ್ತಿಗೇ ಒಬ್ಬರೊಡನೊಬ್ಬರು ಕೂಡಿ ಗೊತ್ತುಮಾಡಿಕೊಂಡರೆ, ಸಭಾಂಗಣವೂ ಸಾಲುತ್ತದೆ, ಪ್ರೇಕ್ಷಕರೂ ಸಾಲುತ್ತಾರೆ, ಆರಕ್ಕೆ ಶುರುವಾಗಬೇಕಾದ ಕಾರ್ಯಕ್ರಮ ಎಂಟರ ತನಕ ಕಾಯುವುದೂ ತಪ್ಪುತ್ತದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಮೈಸೂರು ಅಸೋಸಿಯೇಷನ್ನೂ ಕೂಡಿ ದತ್ತಿ ಉಪನ್ಯಾಸಗಳನ್ನು ನಡೆಸಿಕೊಂಡು ಬಂದಿರುವ ರೀತಿ, ವಿದ್ವತ್ತು ಒಬ್ಬರದು ವೇದಿಕೆ ಇನ್ನೊಬ್ಬರದು ಆಗಿ ಒಂದು ಕಾರ್ಯ ಘನತೆಯಿಂದ ನಡೆಯಬಲ್ಲದೆಂಬುದಕ್ಕೆ ಸಾಕ್ಷಿ.

ನೆರೆಯ ಭಾಷೆಗಳವರನ್ನು ಈ ವಿಚಾರದಿಂದ ಹೊರಗಿಡಬಾರದು. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು. ಥಾಣೆಯ ಮರಾಠೀ ಗ್ರಂಥಸಂಗ್ರಹಾಲಯ 1893ರದು. ನಾವು ಬಂದು ನೆಲಸಿದ ಊರುಗಳಲ್ಲಿ ನಮಗಿಂತ ಮೊದಲೇ ಪುಸ್ತಕಕ್ಕೆ ಸೂರನ್ನು ಕಟ್ಟಿದ ಮರಾಠಿಯ ಸುಸಂಸ್ಕೃತರೊಡನೆ, ವಾಶಿಯ ತಮಿಳು ಸಂಗಮ ಬಂಗಾಳಿ ಅಸೋಸಿಯೇಷನ್ನುಗಳೊಡನೆ, ವೇದಿಕೆಯನ್ನು ಕೊಟ್ಟು ತೆಗೆದುಕೊಳ್ಳುವ ವಾಡಿಕೆ ಬೆಳೆದರೆ ನಮ್ಮ ಕನ್ನಡತನ ಸವೆಯುವುದಿಲ್ಲ, ಅದಕ್ಕೆ ಕೇಳುವ ಕಿವಿಗಳು ಹೆಚ್ಚುತ್ತವೆ.

ಕೊನೆಯದಾಗಿ, ಯಾವ ಸಂಘದ ಸದಸ್ಯತ್ವವೂ ಇಲ್ಲದ ಕನ್ನಡಿಗರ ವಿಷಯ. ವಿಜಯಪುರ, ಕಲಬುರಗಿ, ಯಾದಗಿರಿಯ ಕಡೆಗಳಿಂದ ಬರ ಬಂದಾಗ ಗಂಟುಮೂಟೆ ಕಟ್ಟಿಕೊಂಡು ಬಂದು, ನವಿಮುಂಬಯಿಯ ಗೋಪುರಗಳನ್ನು ಎಬ್ಬಿಸುತ್ತಿರುವ ಕೂಲಿಕಾರರು ಮುಂಜಾನೆ ನಾಕಾಗಳಲ್ಲಿ ಬುತ್ತಿಯ ಗಂಟನ್ನು ಹಿಡಿದು ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಅವರು ಮಾತಾಡುವುದು ನಮ್ಮದೇ ನುಡಿ. ಅವರ ಮಕ್ಕಳು ಮರಳು ಜಲ್ಲಿಗಳ ರಾಶಿಯ ಮೇಲೆ ಆಡುತ್ತಿರುವ ಅದೇ ಸಂಜೆಗಳಲ್ಲಿ ನಮ್ಮ ಸಭಾಂಗಣಗಳು ಬೀಗಹಾಕಿಕೊಂಡಿರುತ್ತವೆ. ಕರಾವಳಿಯ ಹೋಟೆಲಿನ ಹುಡುಗನಿಗೆ ಅಂದು ನಗರಸಭೆ ಏನನ್ನು ಮಾಡಿತೋ ಅದನ್ನು ಇಂದು ಬಯಲುಸೀಮೆಯ ಕೂಲಿಯ ಮಗುವಿಗೆ ನಾವು ಮಾಡಬೇಕಾಗಿದೆ: ವಾರಕ್ಕೆ ನಾಲ್ಕು ಸಂಜೆ, ಎರಡು ಗಂಟೆಯ ಹೊತ್ತು, ಒಂದು ಕೋಣೆ, ಒಂದು ದೀಪ, ಕಲಿಸಬಲ್ಲ ಒಬ್ಬ ನಿವೃತ್ತ ಶಿಕ್ಷಕರು. ಅವರ ಪರವಾಗಿ ಪತ್ರಕ್ಕೆ ಸಹಿ ಹಾಕಲು ಒಂದು ಸಂಸ್ಥೆ ಬೇಕೆಂದಾದರೆ, ನೆರೆಯ ಸಂಘವೊಂದು ಆ ಸ್ಥಾನದಲ್ಲಿ ನಿಲ್ಲಲಿ.

ಆದಕಾರಣ ಈ ಸಭೆಯಲ್ಲಿ ಉಪಸ್ಥಿತರಾಗಿರುವ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಬರಲಿರುವ ವಾರ್ಷಿಕ ಮಹಾಸಭೆಯಲ್ಲಿ, ನಮ್ಮ ಕಟ್ಟಡ ಬಿಡುವಾಗಿರುವ ದಿನ ಮತ್ತು ಗಂಟೆಗಳನ್ನು ಪ್ರತಿವರ್ಷವೂ ಪ್ರಕಟಿಸತಕ್ಕದ್ದು, ಕಟ್ಟಡವಿಲ್ಲದ ಸಂಸ್ಥೆಗಳಿಗೆ ಲಿಖಿತ ಕರಾರಿನ ಮೇಲೆ ಅವನ್ನು ಒದಗಿಸತಕ್ಕದ್ದು, ಎಂಬ ಒಂದು ನಿಯಮವನ್ನು ನಿಮ್ಮ ಸಂಘದ ನಿಯಮಾವಳಿಗೆ ಸೇರಿಸಿರಿ. ಅಧ್ಯಕ್ಷರ ಔದಾರ್ಯವು ಅಧ್ಯಕ್ಷರೊಡನೆ ಮುಗಿಯುತ್ತದೆ. ನಿಯಮವಾದ ಔದಾರ್ಯ ಮುಂದಿನ ಸಮಿತಿಯನ್ನೂ ಕಟ್ಟಿಹಾಕುತ್ತದೆ.